ಟ್ರ್ಯಾಕ್ಟರಿನ ಎಣ್ಣೆ

ಕಾರ್ತೀಕ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಗವಿಸಿದ್ದಪ್ಪನ ಮನೆಯ ಕಾರು ಮುಂಜಾನೆ ಎದ್ದು ಗೊಣಗತೊಡಗಿತು. ಚಾವಿ ತಿರುಗಿಸಿದೊಡನೆ ಕಟಕಟಕಟ ಎಂದು ಐದಾರು ಕ್ಷಣ ಸಪ್ಪಳ, ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುವುದು. ಮನೆಯಲ್ಲಿ ಇದನ್ನು ಮೊದಲು ಕೇಳಿಸಿಕೊಂಡವನು ಗವಿಸಿದ್ದಪ್ಪನೇ. ಮೂವತ್ತೊಂದು ವರ್ಷ ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ಕೆಲಸ ಮಾಡಿ ಬಂದವನು. ಕಾಲುವೆಯ ಗೇಟು ಏರಿಸುವುದು, ಇಳಿಸುವುದು, ಅದರ ಹಲ್ಲುಗಾಲಿಗಳಿಗೆ ಎಣ್ಣೆ ಕಾಣಿಸುವುದು. ಕಬ್ಬಿಣ ಎಲ್ಲಿ ನರಳಿದರೂ ಆತನ ಕಿವಿಗೆ ಬೀಳುತ್ತಿತ್ತು. ಹೆಂಡತಿ ನರಳಿದ್ದು ಮಾತ್ರ ಎರಡು ವರ್ಷ ತಡವಾಗಿ ಕೇಳಿಸಿತು ಎಂದು ಸೊಸೆ ದ್ರಾಕ್ಷಾಯಿಣಿ ಬಾವಿಕಟ್ಟೆಯ ಮೇಲೆ ಅನ್ನುತ್ತಿದ್ದಳು. ಅದೂ ಸುಳ್ಳಲ್ಲ.

ಹೆಂಡತಿ ಹುಲಗಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟು ವರ್ಷದ ಮೇಲಾಗಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೊಪ್ಪಳದ ಆಸ್ಪತ್ರೆಯಲ್ಲಿ ನಾಲ್ಕು ತಾಸು ಡಯಾಲಿಸಿಸ್. ಬೇರೆ ವಾರ ಕೊಡಿ ಎಂದು ಗವಿಸಿದ್ದಪ್ಪ ಕೈಮುಗಿದು ಕೇಳಿದ್ದ, ಖಾಲಿ ಇರಲಿಲ್ಲ. ಮಂಗಳವಾರ, ಶುಕ್ರವಾರ ಎಂದರೆ ಹುಲಿಗೆಮ್ಮನ ವಾರ. ಗದಗಿನ ಕಡೆಯಿಂದ ಬರುವ ಬಸ್ಸುಗಳು ಇವರ ಊರಾದ ತಳಕಲ್ಲಿಗೆ ಮುಟ್ಟುವಷ್ಟರಲ್ಲಿ ಹುಲಿಗಿಗೆ ಹೊರಟ ಜನ ಬಾಗಿಲಲ್ಲಿ ಜೋತಾಡುತ್ತಿರುತ್ತಿದ್ದರು. ದೇವಿಯ ಹೆಸರಿಟ್ಟುಕೊಂಡ ಹೆಣ್ಣುಮಗಳಿಗೆ ದೇವಿಯ ಭಕ್ತರೇ ಬಸ್ಸಿನಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ. ಒಂದು ಶುಕ್ರವಾರ ನಿಂತೇ ಹೋಗಿ, ಇಳಿಯುವಾಗ ಬವಳಿ ಬಂದು ಬಿದ್ದ ಮೇಲೆ ಮಗ ಹನಮೇಶ ಕಾರಿನ ಮಾತು ತೆಗೆದ.

ಕಾರು ಹುಡುಕಿಕೊಟ್ಟವನು ಗಂಗಾವತಿಯ ಯೂಸುಫ. ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ಇವರ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ಅವನ ತಾಯಿ ಸೈದಾನಬಿ ಮತ್ತು ಹುಲಗಮ್ಮ ಇಪ್ಪತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು. ಯೂಸುಫ, ಹನಮೇಶ ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಈಗ ಯೂಸುಫನದು ಗಂಗಾವತಿಯಲ್ಲಿ ಗ್ಯಾರೇಜು, ಹನಮೇಶನದು ಕರೆಂಟಿನ ಲೈನ್‌ಮನ್ ಕೆಲಸ. ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಏಳು ವರ್ಷದ ಡೀಸೆಲ್ ಕಾರನ್ನು ಯೂಸುಫ ಎಂಜಿನ್ ಬಿಚ್ಚಿ ನೋಡಿ, "ಇನ್ನ ಐದ್ ವರ್ಸ ಕಣ್ಣ ಮುಚ್ಚಿ ಓಡಸ್ರಿ" ಎಂದು ಕೊಡಿಸಿದ್ದ. ಕೊಡುವಾಗ ಡಿಕ್ಕಿಯಲ್ಲಿ ಒಂದು ಎಣ್ಣೆ ಡಬ್ಬಿಯನ್ನೂ ಇಟ್ಟು ಎರಡೆರಡು ಸಲ ಹೇಳಿದ್ದ.

"ಕಾಕಾ, ಇದಕ್ಕ ಇದ ಎಣ್ಣಿ. ಬ್ಯಾರೆ ಏನೂ ಹಾಕಬ್ಯಾಡ್ರಿ. ಆರ ತಿಂಗಳಿಗೊಮ್ಮಿ ನನ್ನ ಹಂತ್ಯಾಕ ತರ್ರಿ, ಹಳೇ ಎಣ್ಣಿ ಎಲ್ಲಾ ತಗದು ಹೊಸಾದು ಹಾಕಿ ಕೊಡ್ತೀನಿ."

ಗವಿಸಿದ್ದಪ್ಪ ತಲೆಯಾಡಿಸಿದ್ದ. ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ ನೋಡಿ ನಕ್ಕಿದ್ದ. ನೀರಿನಂಥ ಎಣ್ಣೆ. ಇದು ಕಬ್ಬಿಣಕ್ಕೆ ಅಂಟುತ್ತದೆಯೇ? ಹುಡುಗನಿಗೆ ಯಾರೋ ಟೊಪ್ಪಿಗೆ ಹಾಕಿದ್ದಾರೆ ಎಂದುಕೊಂಡು ಡಬ್ಬಿಯನ್ನು ದನದ ಮನೆಯ ಗೋಡೆಯ ಮಾಡದಲ್ಲಿ ಇಟ್ಟ. ಅದರ ಕೆಳಗೇ ಟ್ರ್ಯಾಕ್ಟರಿನ ಎಣ್ಣೆಯ ಇಪ್ಪತ್ತು ಲೀಟರಿನ ಕ್ಯಾನು ಇತ್ತು, ದಪ್ಪಗೆ ಬೆಲ್ಲದ ಪಾಕದಂಥ ಎಣ್ಣೆ. ಆರು ತಿಂಗಳಾಗಿ ಗಂಗಾವತಿಗೆ ಒಯ್ಯುವ ಮಾತು ಬಂದಾಗ, "ನಾ ಮಾಡೀನಿ ಬಿಡು" ಎಂದುಬಿಟ್ಟ. ಮಾಡಿದ್ದೇನು? ಕಾಲುವೆಯ ಗೇಟಿಗೆ ಮೂವತ್ತೊಂದು ವರ್ಷ ಮಾಡಿದ್ದನ್ನೇ. ಹಳೆಯದನ್ನು ತೆಗೆಯದೆ, ಕಡಿಮೆಯಾದಷ್ಟು ದಪ್ಪ ಎಣ್ಣೆಯನ್ನು ಮೇಲಿಂದ ಸುರಿದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಹೇಳುವುದು ಕಷ್ಟ. ಇಲ್ಲಂತೂ ಹೇಳಬೇಕಾದವರಿಗೆ ಗೊತ್ತೇ ಇರಲಿಲ್ಲ.

ಆ ಮಂಗಳವಾರ ಹನಮೇಶ ಕಾರಿನ ಗಾಜು ಒರೆಸುತ್ತಿದ್ದ. ಎಂಜಿನ್ ಕಟಕಟ ಅಂದು ಸುಮ್ಮನಾಯಿತು.

"ಏನ್ ಸಪ್ಪಳಪಾ ಅದು?" ಗವಿಸಿದ್ದಪ್ಪ ಕೇಳಿದ.

"ಚಳಿಗಿ ಅಪ್ಪಾ. ಎಲ್ಲಾ ಡೀಸೆಲ್ ಗಾಡಿ ಹಿಂಗ."

"ಹಿಂದಕ ಇದ್ದಿದ್ದಿಲ್ಲ."

"ನಿನಗ ಎಲ್ಲಾದರಾಗೂ ಒಂದೊಂದ ಸಪ್ಪಳ ಕೇಳಸ್ತಾವ. ಅವ್ವಾ, ಜಲ್ದಿ ಬಾ, ಕೂಡು."

ಸಂಜೆ ಮರಳಿ ಬಂದ ಮೇಲೆ ಗವಿಸಿದ್ದಪ್ಪ ಬಾನೆಟ್ ಎತ್ತಿ, ಕ್ಯಾನಿನಿಂದ ಒಂದು ಚರಿಗೆಯಷ್ಟು ಎಣ್ಣೆ ಸುರಿದ. ಎರಡು ದಿನ ಸಪ್ಪಳ ಮೆತ್ತಗಾಯಿತು. ಅಂಗಳದ ಹೊರಸಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಹೆಂಡತಿಯ ಮುಂದೆ ಮೀಸೆ ತೀಡಿದ.

"ಕೇಳಿದಿ? ಬಾಯಿ ಮುಚಗೊಂಡ ಕುಂತೈತಿ ಈಗ."

"ಏನ್ ಹಾಕಿದ್ರಿ ಅದಕ?"

"ಗಟ್ಟಿ ಎಣ್ಣಿ. ಟ್ರ್ಯಾಕ್ಟರಿಂದು."

"ಯೂಸುಫ ಬ್ಯಾರೆ ಕೊಟ್ಟಿದ್ನಲ್ಲ?"

"ಅಂವಗೇನ್ ತಿಳೀತೈತಿ! ನಾ ಗೇಟ್ ಎತ್ತೂಮುಂದ ಅಂವಾ ಚಡ್ಡೀನ ಹಾಕ್ತಿದ್ದಿಲ್ಲ."

ಹುಲಗಮ್ಮ ನಕ್ಕಳು. ನಗುವುದಕ್ಕೂ ಈಗ ಆಕೆ ಉಸಿರು ಕೂಡಿಸಿಕೊಳ್ಳಬೇಕಿತ್ತು.

ಹದಿನೈದು ದಿನ ಕಳೆದವು. ಸಪ್ಪಳ ಮತ್ತೆ ಬಂತು, ಈ ಸಲ ಕಾರು ಊರ ಅಗಸಿ ಬಾಗಿಲು ದಾಟುವ ತನಕ ನಿಲ್ಲಲಿಲ್ಲ. ಗವಿಸಿದ್ದಪ್ಪ ಇನ್ನೊಂದು ಚರಿಗೆ ಸುರಿದ. ನಿಲ್ಲಲಿಲ್ಲ. ಏರಿನಲ್ಲಿ ಕಾರು ತಿಣುಕತೊಡಗಿತು. ಆತನಿಗೆ ಊಟ ರುಚಿಸದಾಯಿತು. ತಪ್ಪು ಎಲ್ಲಿದೆ ಎಂದು ಆತನ ಕೈಗೆ ಗೊತ್ತಾಗಿತ್ತು, ತಲೆ ಮಾತ್ರ ಇನ್ನೂ ಒಪ್ಪುತ್ತಿರಲಿಲ್ಲ.

ಆ ಮನೆಯಲ್ಲಿ ಅಡುಗೆ ಎಂದರೆ ದಿನವೂ ಎರಡು ಸಲದ ಕೆಲಸ. ದ್ರಾಕ್ಷಾಯಿಣಿ ಎಲ್ಲರಿಗೆ ಒಂದು ಪಲ್ಯ, ಅತ್ತೆಗೆ ನೀರಲ್ಲಿ ಕುದಿಸಿ ಬಸಿದ, ಉಪ್ಪಿಲ್ಲದ ಇನ್ನೊಂದು ಪಲ್ಯ ಮಾಡಬೇಕು. ಮುಂಜಾನೆ ಒಂದು ಲೀಟರಿನ ಬಾಟಲಿ ತುಂಬಿಟ್ಟರೆ, ಚಹಾ, ಮಜ್ಜಿಗೆ, ಗುಳಿಗೆಯ ನೀರು ಎಲ್ಲ ಸೇರಿ ಅತ್ತೆಗೆ ದಿನಕ್ಕೆ ಅಷ್ಟೇ. ಹೆಚ್ಚಾದರೆ ನೀರು ಮೈಯಲ್ಲೇ ನಿಂತು ಎದೆಗೆ ಏರುತ್ತದೆ, ಒಂದು ಡಯಾಲಿಸಿಸ್ ತಪ್ಪಿದರೂ ಅದೇ ಗತಿ ಎಂದು ಡಾಕ್ಟರು ಹೇಳಿದ್ದರು.

ರವಿವಾರ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ಹುಲಗಮ್ಮ ಕೈಚಾಚಿದಳು.

"ಒಂದ ಗುಟುಕ ಕೊಡವಾ ದ್ರಾಕ್ಷಾ. ಗಂಟಲಾ ಆರೈತಿ."

"ಬಾಟಲಿ ನೋಡ್ರಿ ಅತ್ತಿ. ಸಂಜಿತನ ಇಷ್ಟ ಉಳದೈತಿ."

"ನನ್ನ ಮನ್ಯಾಗ ನನಗ ನೀರಿಗಿ ಗತಿ ಇಲ್ಲ."

"ನಾ ಏನ್ ಹೊಟ್ಟಿಕಿಚ್ಚಿಗಿ ಮಾಡ್ತೀನೇನ್ರಿ?" ದ್ರಾಕ್ಷಾಯಿಣಿಯ ದನಿ ಒಡೆಯಿತು. "ನಾಳೆ ನಿಮ್ಮ ದಮ್ಮ ಹೆಚ್ಚಾದ್ರ ಸೊಸಿನ ಕುಡಿಸಿ ಕೊಂದ್ಳು ಅಂತಾರ."

"ಊಟದಾಗ ಕೊಲ್ಲೂ ಮಾತ ಯಾಕಬೇ?" ಎಂದು ಹನಮೇಶ ಗದರಿದ. ಆಗಲೇ ಅವನ ಮಗಳು ರಂಜಿತಾ ರೊಟ್ಟಿ ಬಿಟ್ಟು ಫೋನು ಹಿಡಿದಳು. ಕೊಪ್ಪಳದಲ್ಲಿ ಡಿಪ್ಲೊಮಾ ಓದುವ ಹುಡುಗಿ, ಮನೆಯಲ್ಲಿ ಯಾವುದಕ್ಕೂ ಸುಮ್ಮನಿರುವವಳಲ್ಲ.

"ಪಪ್ಪಾ, ಇದನ್ನ ಕೇಳ್ರಿ. ಮುಂಜಾನಿ ನಮ್ಮ ಗಾಡೀದು ರೆಕಾರ್ಡ್ ಮಾಡೀನಿ. ಈಗ ಇದನ್ನ ಕೇಳ್ರಿ, ಬ್ಯಾರೆ ಯಾರದೋ ಗಾಡೀದು. ಎರಡೂ ಒಂದ ಸಪ್ಪಳ ಹೌದಿಲ್ಲೋ?"

"ಅದಕೇನೀಗ?"

"ಆ ಗಾಡೀದು ಟೈಮಿಂಗ್ ಚೈನ್ ಸಡ್ಲ ಆಗಿತ್ತು. ಎಂಜಿನ್ ಒಳಗ ಸೈಕಲ್ ಚೈನಿನಂಗ ಒಂದ ಚೈನ್ ಇರ್ತೈತ್ರಿ. ಅದು ಹರದ್ರ ಎಂಜಿನ್ ನಿಂತಲ್ಲೇ ಖತಂ."

"ಅದು ಗಾಡಿ ಇರೂತನಾ ಇರ್ತೈತಿ. ಯೂಸುಫನ ಹೇಳ್ಯಾನ."

"ಎಣ್ಣಿ ಬರೋಬ್ಬರಿ ಇದ್ರ ಇರ್ತೈತಿ. ಅಜ್ಜಾ, ನೀವು ಯಾವ ಎಣ್ಣಿ ಹಾಕೀರಿ?"

ಗವಿಸಿದ್ದಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ನೀ ಹುಟ್ಟೂಕಿಂತ ಮೊದಲಿಂದ ಎಣ್ಣಿ ಹಾಕ್ಕೋತ ಬಂದೀನಿ ನಾ. ಫೋನ್ ನೋಡಿ ನನಗ ಕಲಸಾಕ ಬರಬ್ಯಾಡ."

"ಹಿಂದಕ ಡ್ಯಾಮಿನ ಗೇಟಿನ ಚೈನ್ ಹರದಾಗ ನೀವ ಅಂದಿದ್ರಿ, ಚೈನ್ ಮೊದಲ ಹೇಳತೈತಿ, ಆಮ್ಯಾಲ ಹರೀತೈತಿ ಅಂತ."

"ಉಣ್ಣು ಮೊದಲ!"

ಹುಡುಗಿ ಉಂಡಳು. ಉಣ್ಣುತ್ತಲೇ ಆ ಸಪ್ಪಳವನ್ನು ಯೂಸುಫನಿಗೆ ಕಳಿಸಿಯೂ ಬಿಟ್ಟಳು. ಕೈ ತೊಳೆಯುವಷ್ಟರಲ್ಲಿ ಗವಿಸಿದ್ದಪ್ಪನ ಫೋನು ಹೊಡೆದುಕೊಂಡಿತು.

"ಕಾಕಾ, ಗಾಡಿ ಚಾಲೂನ ಮಾಡಬ್ಯಾಡ್ರಿ," ಯೂಸುಫನ ದನಿಯಲ್ಲಿ ಗಾಬರಿ ಇತ್ತು. "ನಾಳೆ ನಾ ಬಂದ ಎಳಕೊಂಡ ಹೋಗ್ತೀನಿ. ಬಿಚ್ಚಿ ನೋಡಬೇಕು, ನಾಕೈದ ದಿನಾ ಹಿಡೀತೈತಿ. ಒಂದ ಮಾತ ಹೇಳ್ರಿ, ನಾ ಕೊಟ್ಟಿದ್ದ ಎಣ್ಣೀನ ಹಾಕೀರಿಲ್ಲೋ?"

ಮಗ, ಸೊಸೆ, ಮೊಮ್ಮಗಳು ಮೂವರೂ ಮುಖ ನೋಡುತ್ತಿದ್ದರು. ಇಲ್ಲ ಎನ್ನಲು ಒಂದೇ ಶಬ್ದ ಸಾಕಿತ್ತು. ಅಷ್ಟು ವರ್ಷ ಎಣ್ಣೆ ಹಾಕಿದ ಕೈಯ ಮರ್ಯಾದೆ ಆ ಒಂದು ಶಬ್ದಕ್ಕೆ ಅಡ್ಡ ಬಂತು.

"ಅದನ್ನ ಹಾಕೀನಿ," ಎಂದ.

"ಹಂಗಿದ್ರ ಹಿಂಗ ಆಗಬಾರದಾಗಿತ್ತು..." ಎಂದು ಯೂಸುಫ ರಾಗ ಎಳೆಯುವಷ್ಟರಲ್ಲಿ ಹನಮೇಶ ಫೋನು ಕಸಿದುಕೊಂಡ.

"ನಾಕೈದ ದಿನಾ ಅಂದ್ರ ಮಂಗಳವಾರ ಹೆಂಗ? ಅವ್ವನ್ನ ಹೊತಗೊಂಡ ಹೋಗ್ಲೇನು?"

"ಬ್ಯಾರೆ ಗಾಡಿ ಮಾಡಿ ಕೊಡ್ತೀನೋ ಹನಮ್ಯಾ."

"ಇದನ್ನೂ ನೀನ ಮಾಡಿಕೊಟ್ಟಿದ್ದು. ಸಾಕು ನಿನ್ನ ಉಪಕಾರ." ಫೋನು ಇಟ್ಟ ಹನಮೇಶ ಎಲ್ಲರಿಗೂ ಕೇಳುವಂತೆ ಹೇಳಿದ. "ಮಂಗಳವಾರದ್ದೊಂದು ಟ್ರಿಪ್ ಮುಗಸೂಣು. ಬುಧವಾರ ಒಯ್ದು ಅಂವನ ಬಾಗಲ್ದಾಗ ನಿಂದ್ರಸ್ತೀನಿ. ಗೆಳೆತನಾ ಅಂತ ಹಳೇ ಡಬ್ಬಾ ಗಾಡಿ ನನ್ನ ಕೊರಳಿಗಿ ಕಟ್ಟ್ಯಾನ."

ಗವಿಸಿದ್ದಪ್ಪ ಎದ್ದು ದನದ ಮನೆಯ ಕಡೆ ನಡೆದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಆ ಮನೆಯನ್ನು ಕೆಡಿಸಹೊರಟದ್ದು ಮಾತಲ್ಲ, ಆಡದೆ ಉಳಿದ ಮಾತು.

ಸೋಮವಾರ ಇಳಿಹೊತ್ತಿಗೆ ಆತ ದನದ ಮನೆಯ ಮಾಡದಿಂದ ಯೂಸುಫನ ಡಬ್ಬಿ ಕೆಳಗಿಳಿಸಿದ. ಪಾನಾ ಹಿಡಿದು ಕಾರಿನ ಕೆಳಗೆ ಅಂಗಾತ ಮಲಗಿ ಎಣ್ಣೆ ತೆಗೆಯುವ ಬೋಲ್ಟಿಗೆ ಹಚ್ಚಿದ. ಹಳೆಯದನ್ನು ಇಳಿಸಿ ಇದನ್ನು ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಲೆಕ್ಕ. ಬೋಲ್ಟು ಸಡಿಲಾಗಿ ಒಂದು ಹನಿ ಕೆಳಗಿಳಿಯಿತು. ಎಣ್ಣೆ ಅಲ್ಲ ಅದು, ಕರಿ ಡಾಂಬರು.

"ಏನ್ ಮಾಡಾಕ ಹತ್ತೀರಿ ಮಾವಾರ?" ಎಮ್ಮೆ ಹಿಂಡಲು ಬಂದ ದ್ರಾಕ್ಷಾಯಿಣಿ ಕೇಳಿದಳು.

"ಏನಿಲ್ಲವಾ, ಗಾಲಿ ನೋಡಾಕ ಹತ್ತಿದ್ದೆ." ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಮುದುಕ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಬೋಲ್ಟು ಬಿಗಿದು ಎದ್ದು, ಡಬ್ಬಿಯನ್ನು ಎಲ್ಲಿತ್ತೋ ಅಲ್ಲೇ ಇಟ್ಟ.

ಮಂಗಳವಾರ ಭಾನಾಪುರ ದಾಟಿ ಸ್ವಲ್ಪ ದೂರದಲ್ಲಿ ಚೈನು ಹರಿಯಿತು. ದೊಡ್ಡ ಸದ್ದೇನಲ್ಲ. ಒಳಗೆ ಟಣ್ ಎಂದಿತು, ಒಂದು ಹಿಡಿ ಮೊಳೆಗಳನ್ನು ತಗಡಿನ ಮೇಲೆ ಚೆಲ್ಲಿದಂತೆ ಸಪ್ಪಳವಾಯಿತು, ಆಮೇಲೆ ಎಂಜಿನ್ನಿನ ಉಸಿರೇ ಇಲ್ಲ. ಸ್ಟೇರಿಂಗ್ ಕಲ್ಲಿನಷ್ಟು ಬಿಗಿಯಾಯಿತು. ಹಿಂದೆ ಅದಿರಿನ ಲಾರಿಯೊಂದು ಹಾರ್ನು ಒತ್ತಿಹಿಡಿದು ಮೈಮೇಲೇ ಬಂತು. ಹನಮೇಶ ಹಲ್ಲು ಕಚ್ಚಿ ತಿರುಗಿಸಿದ. ಕಾರು ರಸ್ತೆ ಬಿಟ್ಟು ಕೆಳಗಿಳಿದದ್ದೂ, ಲಾರಿ ಬಾಗಿಲಿಗೆ ಗಾಳಿ ಬಡಿದು ಹೋದದ್ದೂ ಒಂದೇ ಆಯಿತು. ಗವಿಸಿದ್ದಪ್ಪ ಹೆಂಡತಿಯ ಕೈ ಹಿಡಿದಿದ್ದ. ಆಕೆ ಆತನನ್ನು ನೋಡುತ್ತಿರಲಿಲ್ಲ, ಆತನ ಉಗುರಿನ ಸಂದಿಯ ಕಪ್ಪು ನೋಡುತ್ತಿದ್ದಳು.

ಬಸ್ಸುಗಳು ನಿಲ್ಲಲಿಲ್ಲ. ಹನ್ನೊಂದಕ್ಕೆ ಹಾಲಿನ ಗಾಡಿಯೊಂದರಲ್ಲಿ ಆಸ್ಪತ್ರೆ ಮುಟ್ಟಿದಾಗ ಆಕೆಯ ಪಾಳಿ ಅರ್ಧ ಮುಗಿದಿತ್ತು. ಮುಂದಿನವರು ಕಾಯುತ್ತಿದ್ದರು. ನಾಲ್ಕು ತಾಸಿನ ಬದಲು ಒಂದೂವರೆ ತಾಸು ಮಷೀನಿಗೆ ಹಚ್ಚಿದರು.

"ಈ ಶುಕ್ರವಾರ ಮಾತ್ರ ತಪ್ಪಿಸಬೇಡಿ," ನರ್ಸು ಹೇಳಿದಳು. "ನೀರು ಇನ್ನೂ ಮೈಯಲ್ಲೇ ಇದೆ. ತಪ್ಪಿದರೆ ಜೀವಕ್ಕೆ ಅಪಾಯ."

ಸುದ್ದಿ ತಿಳಿದು ಬುಧವಾರ ಯೂಸುಫ ಎಳೆಯುವ ಗಾಡಿ ತಂದ. ಕಾರನ್ನು ಹತ್ತಿರದ ಢಾಬಾದ ಮುಂದೆ ದೂಡಿ ಬಿಟ್ಟಿದ್ದರು. ಅಪ್ಪ, ಮಗ ಇಬ್ಬರೂ ಅಲ್ಲಿ ನಿಂತಿದ್ದರು. ಯೂಸುಫ ಸಲಾಮು ಹೇಳಿದ, ಹನಮೇಶ ಮುಖ ತಿರುವಿದ. ಯೂಸುಫ ಬಾನೆಟ್ ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿದ. ಮೂಗಿನ ಹತ್ತಿರ ಹಿಡಿದ. ತಲೆಯೆತ್ತಿ ಒಂದು ಸಲ ಗವಿಸಿದ್ದಪ್ಪನ ಮುಖ ನೋಡಿದ.

ಗವಿಸಿದ್ದಪ್ಪ ಉಗುರು ಕಪ್ಪಾದ ಕೈಯನ್ನು ಬೆನ್ನ ಹಿಂದೆ ಮರೆಮಾಡಿದ. ಈಗ ಹೇಳುತ್ತಾನೆ ಎಂದುಕೊಂಡ. ಹೇಳಿಬಿಡಲಿ ಎಂದೂ ಅನ್ನಿಸಿತು.

ಯೂಸುಫ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ನಂದ ತಪ್ಪು ಹನಮ್ಯಾ. ಚೈನ್ ಸರಿ ನೋಡದ ಕೊಟ್ಟೆ. ಖರ್ಚೆಲ್ಲಾ ನಂದು."

"ತಪ್ಪು?" ಹನಮೇಶ ಅವನ ಅಂಗಿಯ ಕಾಲರು ಹಿಡಿದ. "ನಮ್ಮವ್ವ ಲಾರಿ ಕೆಳಗ ಹೋಗ್ತಿದ್ಲು! ಆಕಿ ಕೈತುತ್ತ ತಿಂದೀಯಲ್ಲೋ! ಶುಕ್ರವಾರ ಅವ್ವನ್ನ ಆಸ್ಪತ್ರಿಗಿ ಬಿಟ್ಟು ಸೀದಾ ಗಂಗಾವತಿಗಿ ಬರ್ತೀನಿ. ನಾಕ ಮಂದೀನ ಕರಕೊಂಡ ಬರ್ತೀನಿ. ನಿನ್ನ ಗ್ಯಾರೇಜ್ ಇರ್ತೈತೋ ನಾ ಇರ್ತೀನೋ ನೋಡ್ತೀನಿ."

ಯೂಸುಫ ಕಾಲರು ಬಿಡಿಸಿಕೊಳ್ಳಲೂ ಇಲ್ಲ. ಗವಿಸಿದ್ದಪ್ಪ ಮಗನ ರಟ್ಟೆ ಹಿಡಿದು, "ಬಿಡು, ಬಿಡಪಾ" ಎಂದಷ್ಟೇ ಅಂದ. ಆತನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಗುರುವಾರ ಹುಲಗಮ್ಮನ ಪಾದ ಬಾತು, ಚಪ್ಪಲಿ ಹಿಡಿಯದಾಯಿತು. ಮಲಗಿದರೆ ದಮ್ಮು, ಕೂತರೆ ಸುಸ್ತು. ಮಧ್ಯಾಹ್ನ ಸೈದಾನಬಿಯ ಫೋನು ಬಂತು. ಹುಲಗಮ್ಮ ಮಾತಿಗಿಂತ ಹೆಚ್ಚು ಕೇಳಿಸಿಕೊಂಡಳು. ಆ ಕಡೆಯ ಅಳು ಗವಿಸಿದ್ದಪ್ಪ ಕೂತ ಪಡಸಾಲೆಗೂ ಕೇಳುತ್ತಿತ್ತು. ಫೋನಿಟ್ಟ ಮೇಲೆ ಹುಲಗಮ್ಮ ಮೊಮ್ಮಗಳನ್ನು ಕರೆದಳು.

"ರಂಜೂ, ಟ್ರ್ಯಾಕ್ಟರಿನ ಎಣ್ಣಿ ಕಾರಿಗಿ ಹಾಕಿದ್ರ ಏನ್ ಆಕ್ಕೈತಿ?"

"ದಪ್ಪ ಎಣ್ಣಿ ಜಲ್ದಿ ಮ್ಯಾಲ ಏರಂಗಿಲ್ಲಜ್ಜಿ. ಚೈನ್ ಬಿಗಿ ಹಿಡಿಯೋ ಸಾಮಾನಿಗಿ ಎಣ್ಣಿ ಮುಟ್ಟಂಗಿಲ್ಲ. ಹಳೇದು ತಗೀಲಿಲ್ಲಂದ್ರ ಒಳಗ ರಾಡಿ ಆಕ್ಕೈತಿ, ಚೈನ್ ಸವೀತೈತಿ. ಯಾಕ?"

"ಸುಮ್ನ ಕೇಳಿದೆ."

ಸಂಜೆ ಆಕೆ ಗಂಡನನ್ನು ಹತ್ತಿರ ಕೂರಿಸಿಕೊಂಡಳು. "ಹೇಳಿಬಿಡ್ರಿ."

"ಏನ್ ಹೇಳ್ಲಿ?"

"ನನ್ನ ಮುಂದ ನಾಟಕ ಮಾಡಬ್ಯಾಡ್ರಿ. ನಾ ಎಷ್ಟ ದಿನದಾಕಿ? ಹುಡುಗ ನಾಳೆ ಹೋಗಿ ಯೂಸುಫನ ಮ್ಯಾಲ ಕೈ ಮಾಡ್ತಾನ. ಅದಕಿಂತ ಮೊದಲ ಹೇಳ್ರಿ."

"ನಿನ್ನ ಡಯಾಲಿಸಿಸ್ ಮುಗೀಲಿ. ಆಮ್ಯಾಲ ಹೇಳ್ತೀನಿ."

ಹುಲಗಮ್ಮ ಮತ್ತೆ ಮಾತಾಡಲಿಲ್ಲ. ಹೆಂಡತಿಯ ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ಆ ಊರಿನ ಗಂಡಸರ ಹಳೆಯ ತಪ್ಪು, ಗವಿಸಿದ್ದಪ್ಪನೂ ಅದನ್ನೇ ಮಾಡಿದ.

ಶುಕ್ರವಾರ ಏಳಕ್ಕೆ ಹನಮೇಶ ಗೊತ್ತು ಮಾಡಿದ್ದ ಟಂಟಂ ಆಟೊ ಬಂದು ಬಾಗಿಲಲ್ಲಿ ನಿಂತಿತು. ಹುಲಗಮ್ಮ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಏಳಲಿಲ್ಲ.

"ನಡಿ ಅವ್ವಾ."

"ನಾ ಬರಂಗಿಲ್ಲ."

ಮೊದಲು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಟಂಟಂ ಸೀಟು ಅದುರುತ್ತದೆ ಎಂದಿರಬೇಕು ಎಂದುಕೊಂಡು ದ್ರಾಕ್ಷಾಯಿಣಿ ದಿಂಬು ತಂದಳು. ಹುಲಗಮ್ಮ ದಿಂಬು ಪಕ್ಕಕ್ಕೆ ಸರಿಸಿದಳು.

"ಯಾಕ ಅತ್ತಿ? ಏನ್ ಬೇಕ್ರಿ ನಿಮಗ?"

"ನಿಮ್ಮ ಮಾವನ್ನ ಕೇಳು."

ಏಳೂವರೆ ಆಯಿತು. ಹನಮೇಶ ಕಾಲು ಹಿಡಿದ, ಬೈದ, ಕಡೆಗೆ ಎತ್ತಿಕೊಂಡೇ ಹೋಗುತ್ತೇನೆ ಎಂದು ಬಗ್ಗಿದ. ಆಕೆ ಕಂಬ ತಬ್ಬಿಕೊಂಡಳು. ಒಂದೊಂದು ಮಾತಿಗೂ ಆಕೆಗೆ ಎರಡು ಉಸಿರು ಬೇಕಾಗುತ್ತಿತ್ತು.

"ರಕ್ತಾ ತೊಳಸ್ಕೊಂಡ ಬಂದು... ಯಾವ ಮಾರಿ ತಗೊಂಡು... ಸೈದಾನಬಿ ಮುಂದ ನಿಂದರ್ಲಿ?"

ಎಂಟು ಹೊಡೆಯಿತು. ಟಂಟಂನವನು ತನಗೆ ಶಾಲೆಯ ಮಕ್ಕಳನ್ನು ಬಿಡುವುದಿದೆ ಎಂದು ಗೊಣಗಿ ಹೊರಟೇ ಹೋದ. ಅದರ ಸದ್ದು ಓಣಿಯ ತಿರುವಿನಲ್ಲಿ ಇಲ್ಲದಾದಾಗ ಗವಿಸಿದ್ದಪ್ಪ ಕಟ್ಟೆಯ ಹತ್ತಿರ ಬಂದ. ಹೆಂಡತಿಯ ತುಟಿ ನೀಲಿಗೆ ತಿರುಗಿತ್ತು. ಮಂಗಳವಾರದಂಥ ತಡ ಇನ್ನು ನಡೆಯದು ಎಂದು ಆಸ್ಪತ್ರೆಯವರು ಹೇಳಿದ್ದರು, ಈ ಸಲ ಒಂಬತ್ತೂವರೆಗೆ ಮುಟ್ಟದಿದ್ದರೆ ಆಕೆಯ ಮಷೀನು ಬೇರೆಯವರಿಗೆ ಹೋಗುತ್ತಿತ್ತು.

"ಮಂಗಳವಾರ ಹೇಳ್ತೀನಿ," ಬಗ್ಗಿ ಆಕೆಯ ಕಿವಿಯಲ್ಲಿ ಅಂದ. "ಹುಲಿಗೆಮ್ಮನ ಆಣಿ."

"ಮಂಗಳವಾರತನಾ ನಾ ಇರ್ತೀನೇನ್ರಿ?"

ಆಕೆ ಅದನ್ನು ಕೋಪದಿಂದ ಕೇಳಲಿಲ್ಲ. ಬಸ್ಸು ಎಷ್ಟಕ್ಕೆ ಎಂದು ಕೇಳುವಂತೆ ಕೇಳಿದಳು. ಗವಿಸಿದ್ದಪ್ಪ ಅಂಗಳದ ನಡುವೆ ನೆಲಕ್ಕೆ ಕುಸಿದು ಕೂತ.

"ಹನಮೇಶಾ, ಎಣ್ಣಿ ನಾ ಹಾಕಿದ್ದು. ಟ್ರ್ಯಾಕ್ಟರಿಂದು. ಯೂಸುಫಂದು ಒಂದ ಹನಿನೂ ಹಾಕಿಲ್ಲ. ಹಳೇ ಎಣ್ಣಿ ಒಮ್ಮಿನೂ ತಗದಿಲ್ಲ. ಅಂವಾ ಕೇಳಿದಾಗ ಸುಳ್ಳ ಹೇಳಿದೆ. ಬುಧವಾರ ಅಂವಗ ಗೊತ್ತಾತು. ನನ್ನ ಮಾರಿ ನೋಡಿ ತಪ್ಪ ತನ್ನ ಮ್ಯಾಲ ಹಾಕ್ಕೊಂಡ."

ಎಮ್ಮೆ ಮೇವು ಕಡಿಯುವ ಸದ್ದು ಕೇಳುತ್ತಿತ್ತು. ಮೊದಲು ಬಾಯಿ ಬಿಟ್ಟವಳು ರಂಜಿತಾ.

"ನಾ ಕೇಳಿದ್ನಲ್ಲಜ್ಜಾ. ಉಣ್ಣಾಕ ಕುಂತಾಗ ಕೇಳಿದ್ನಲ್ಲ." ಅಷ್ಟು ಹೇಳಿ ಹುಡುಗಿ ಗೋಡೆಗೆ ಮುಖ ಮಾಡಿ ಅತ್ತಳು.

ಹನಮೇಶ ಅಪ್ಪನನ್ನು ನೋಡಿದ. ಕಾಲರು ಹಿಡಿದ ತನ್ನ ಕೈ ನೋಡಿಕೊಂಡ. "ನಾಕ ಮಂದೀಗಿ ಹೇಳಿ ಇಟ್ಟೀನಿ," ಎಂದು ತೊದಲಿದ. "ಕೊಪ್ಪಳದಾಗ ಕಾಯಾಕ ಹತ್ಯಾರ." ಒಬ್ಬೊಬ್ಬರಿಗೂ ಫೋನು ಮಾಡಿ ಬೇಡವೆಂದು ಹೇಳಿದ. ಆಮೇಲೆ ಗಾಡಿಗಾಗಿ ಊರಲ್ಲಿ ಇದ್ದಬದ್ದವರಿಗೆಲ್ಲ ಫೋನು ಹಚ್ಚಿದ. ಒಬ್ಬನ ಗಾಡಿ ಹುಲಿಗಿಗೆ ಹೋಗಿತ್ತು, ಇನ್ನೊಬ್ಬನದೂ ಅಲ್ಲಿಗೇ ಹೋಗಿತ್ತು. ಎಂಟೂಕಾಲು ದಾಟಿತು.

ಎಂಟೂವರೆ ಹೊತ್ತಿಗೆ ಓಣಿಯ ತಿರುವಿನಲ್ಲಿ ಒಂದು ಬಿಳಿ ಕಾರು ಕಾಣಿಸಿತು. ಇಳಿದವನು ಯೂಸುಫ. ಒಂದು ಕ್ಷಣ ಹೊಸ್ತಿಲ ಆಚೆಯೇ ನಿಂತ.

"ಹನಮ್ಯಾ ಫೋನ್ ಎತ್ತವಲ್ಲ," ಎಂದ, ಯಾರನ್ನೂ ನೋಡದೆ. "ಗಾಡಿ ಇಲ್ಲದ ಕಾಕಿ ಹೆಂಗ ಹೋಗ್ತಾರಂತ ನಸುಕಿನ್ಯಾಗ ಹೊಂಟ ಬಂದೀನಿ. ಗಿರಾಕೀದೊಂದು ಗಾಡಿ ಕೇಳಿ ತಂದೀನಿ. ಬೈಯ್ಯೂದಿದ್ರ ಆಮ್ಯಾಲ ಬೈಯ್ರಿ. ಕಾಕಿ, ನಡೀರಿ."

ಹನಮೇಶ ಅವನ ಹತ್ತಿರ ಹೋಗಿ ತಲೆ ತಗ್ಗಿಸಿದ. ಗವಿಸಿದ್ದಪ್ಪ ಎದ್ದು ಬಂದು ಕೈಮುಗಿದ.

"ಯೂಸುಫಾ, ಆ ಎಣ್ಣಿ ನಾ..."

"ಗೊತ್ತೈತಿ ಕಾಕಾ." ಯೂಸುಫ ಆ ಮುಗಿದ ಕೈಗಳನ್ನು ಕೆಳಗಿಳಿಸಿದ. "ಈಗ ಹೊತ್ತಿಲ್ಲ."

ಗವಿಸಿದ್ದಪ್ಪ ಹೆಂಡತಿಯನ್ನು ಎಬ್ಬಿಸಲು ಕೈ ಚಾಚಿದ. ಹುಲಗಮ್ಮ ಆ ಕೈಯನ್ನು ನೋಡಿದಳು. ಯೂಸುಫನ ಹೆಗಲ ಮೇಲೆ ಭಾರ ಹಾಕಿ ಎದ್ದಳು. ನಾಲ್ಕು ಹೆಜ್ಜೆಗೆ ಎರಡು ಕಡೆ ನಿಂತಳು. ದ್ರಾಕ್ಷಾಯಿಣಿ ಚೀಲ ಹಿಡಿದು ಹಿಂದೆ ಹತ್ತಿದಳು. ಗವಿಸಿದ್ದಪ್ಪ ಮುಂದಿನ ಬಾಗಿಲು ತೆಗೆದು ಇನ್ನೇನು ಕೂರಬೇಕು, ಹಿಂದಿನಿಂದ ಮಾತು ಬಂತು.

"ನೀವು ಬ್ಯಾಡ್ರಿ."

"ಕಾಗದಕ ಸಹಿ ಯಾರ ಮಾಡ್ತಾರ?"

ಪ್ರತಿ ಸಲ ಮಷೀನಿಗೆ ಹಚ್ಚುವ ಮೊದಲು ರೋಗಿಯ ಕಡೆಯವರೊಬ್ಬರು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಹೆಸರು ಬರೆದು, ರೋಗಿಗೆ ಏನಾಗಬೇಕು ಎಂದೂ ಬರೆಯಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ತಮಗೆ ಒಪ್ಪಿಗೆ ಇದೆ ಎಂಬ ಕಾಗದ ಅದು.

"ಯೂಸುಫ ಮಾಡ್ತಾನ," ಹುಲಗಮ್ಮ ಕಣ್ಣು ಮುಚ್ಚಿಯೇ ಹೇಳಿದಳು. "ಮಗಾ ಅಂತ ಬರೀತಾನ."

ಯೂಸುಫ ಕಾರು ತಿರುಗಿಸಿಕೊಂಡು ಹೋದ. ಹನಮೇಶ ಹಿಂದಿನಿಂದ ಬೈಕು ತೆಗೆದುಕೊಂಡು ಓಡಿದ. ರಂಜಿತಾ ಒಳಗೆ ಹೋಗಿ ಕದ ಹಾಕಿಕೊಂಡಳು. ಸಂಜೆಯೊಳಗೆ ಫೋನು ಬರುತ್ತದೋ, ಬಂದರೆ ಏನು ಹೇಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳು, ಒಂದು ವಾರವೂ ತಪ್ಪದೆ, ಆ ಕಾಗದಕ್ಕೆ 'ಗಂಡ' ಎಂದು ಬರೆದು ಸಹಿ ಹಾಕಿದವನು ಗವಿಸಿದ್ದಪ್ಪ. ಈಗ ಆತ ಅಂಗಿಯ ಜೇಬಿನಲ್ಲಿದ್ದ ಪೆನ್ನನ್ನು ಹಿಡಿದುಕೊಂಡು ಖಾಲಿ ಅಂಗಳದಲ್ಲಿ ನಿಂತಿದ್ದ.